ಕೀಲಿ ಕೈಗೆ ಬಂದ ಮಾತ್ರಕ್ಕೆ ಕಾಗದ ಸರಿ ಇದೆ ಅಂತಲ್ಲ

ಜಪಾನಿನ ಹೊಕ್ಕೈಡೊ. ನ್ಯೂ ಚಿತೋಸೆ ವಿಮಾನ ನಿಲ್ದಾಣದ ಹತ್ತಿರ ಬಾಡಿಗೆ ಕಾರಿನ ಕೌಂಟರ್. ಎಂಟು ದಿನಕ್ಕೆ ಕಾರು ಬುಕ್ ಮಾಡಿದ್ದೆವು. ನಾನು ಅರ್ಧ ದಾರಿ, ಭಾವ ಅರ್ಧ ದಾರಿ ಓಡಿಸುವುದು ಅಂತ ಮಾತಾಗಿತ್ತು.

ಕೌಂಟರಿನಲ್ಲಿದ್ದ ಹೆಣ್ಣುಮಗಳು ನನ್ನ ಇಂಟರ್‌ನ್ಯಾಷನಲ್ ಡ್ರೈವಿಂಗ್ ಪರ್ಮಿಟ್, ಅಂದರೆ ಐಡಿಪಿಯ ಪುಟ್ಟ ಪುಸ್ತಕ ತೆಗೆದುಕೊಂಡರು. ಫೋಟೊ ಇರುವ ಪುಟ ಬಿಡಿಸಿದರು. ಪಾಸ್‌ಪೋರ್ಟಿನ ಪಕ್ಕ ಇಟ್ಟು ಬೆರಳಿಟ್ಟುಕೊಂಡು ಒಂದೊಂದೇ ಸಾಲು ನೋಡಿದರು. ಸರಿ ಅಂದರು. ಆಮೇಲೆ ಭಾವನ ಪುಸ್ತಕ. ಅಲ್ಲಿ ಬೆರಳು ಒಂದು ಕಡೆ ನಿಂತುಬಿಟ್ಟಿತು.

ಆ ಪುಟದಲ್ಲಿ ಎ, ಬಿ, ಸಿ, ಡಿ, ಇ ಅಂತ ಐದು ಸಾಲು ಇರುತ್ತವೆ. ಎ ಅಂದರೆ ಬೈಕು. ಬಿ ಅಂದರೆ ನಮ್ಮಂಥವರು ಓಡಿಸುವ ಕಾರು: ಡ್ರೈವರ್ ಬಿಟ್ಟು ಎಂಟು ಸೀಟಿನವರೆಗೆ, ಇಲ್ಲವೇ 3,500 ಕೆ.ಜಿ. ಒಳಗಿನ ಸಾಮಾನು ಗಾಡಿ. ಸಿ ಅದಕ್ಕಿಂತ ದೊಡ್ಡ ಲಾರಿ, ಡಿ ಬಸ್ಸು, ಇ ಟ್ರೇಲರ್. ಯಾವುದನ್ನು ಓಡಿಸಬಹುದೋ ಅದರ ಎದುರು ಒಂದು ಮೊಹರು ಇರಬೇಕು. ಭಾವನ ಪುಸ್ತಕದಲ್ಲಿ ಎ ಎದುರು ಮೊಹರು ಇತ್ತು. ಬಿ ಎದುರು ಖಾಲಿ.

ಭಾವ ಇಪ್ಪತ್ತು ವರ್ಷದಿಂದ ಕಾರು ಓಡಿಸುತ್ತಿರುವವರು. ತಕ್ಷಣ ತಮ್ಮ ಮೂಲ ಲೈಸೆನ್ಸ್ ಕಾರ್ಡ್ ತೆಗೆದು, ‘ಇಲ್ಲಿ ನೋಡಿ, ಕಾರು ಅಂತ ಇದೆ’ ಎಂದು ತೋರಿಸಿದರು. ಆಕೆ ತಲೆ ಬಗ್ಗಿಸಿ ಕ್ಷಮೆ ಕೇಳಿದರು. ಮತ್ತೆ ಅದೇ ಖಾಲಿ ಸಾಲು ತೋರಿಸಿದರು. ಎರಡು ನಿಮಿಷ ಬಿಟ್ಟು ಮತ್ತೊಮ್ಮೆ ತಲೆ ಬಗ್ಗಿಸಿದರು. ಅಷ್ಟು ಮರ್ಯಾದೆಯಿಂದ ‘ಆಗೋಲ್ಲ’ ಅನ್ನುವವರ ಹತ್ತಿರ ಜಗಳ ಆಡೋದು ಹೇಗೆ ಹೇಳಿ. ಒಪ್ಪಂದದಲ್ಲಿ ನನ್ನ ಹೆಸರು ಮಾತ್ರ ಬಂತು.

ತಪ್ಪು ಪರ್ಮಿಟ್ ಕೊಟ್ಟ ಕಚೇರಿಯದ್ದು ನಿಜ. ಆದರೆ ಪುಸ್ತಕ ಕೈಗೆ ಬಂದಾಗ ಭಾವ ನೋಡಿದ್ದು ಫೋಟೊ ಚೆನ್ನಾಗಿ ಬಂದಿದೆಯಾ ಅಂತ ಅಷ್ಟೇ. ನಾನೂ ನನ್ನದನ್ನು ನೋಡಿರಲಿಲ್ಲ. ನನಗೆ ಅದೃಷ್ಟ ಇತ್ತು, ಅವರಿಗೆ ಇರಲಿಲ್ಲ. ಪರ್ಮಿಟ್ ಕೊಡುವುದು ಲೈಸೆನ್ಸ್ ಕೊಟ್ಟ ದೇಶವೇ, ಹಾಗಾಗಿ ಅಲ್ಲಿ ನಿಂತು ಸರಿ ಮಾಡಿಸಿಕೊಳ್ಳುವ ದಾರಿ ಇರಲಿಲ್ಲ. ಇಂಟರ್‌ನೆಟ್‌ನಲ್ಲಿ ‘ಇಂಟರ್‌ನ್ಯಾಷನಲ್ ಲೈಸೆನ್ಸ್’ ಅಂತ ಒಂದೇ ದಿನದಲ್ಲಿ ಕೊಡುವವರು ಸಿಗುತ್ತಾರೆ. ಅವರು ಕಳಿಸುವುದು ಬರೀ ಅಚ್ಚು ಹಾಕಿದ ಕಾಗದ. ದುಡ್ಡು ದಂಡ.

ಜಪಾನಿನವರು ಇಷ್ಟು ಕಟ್ಟುನಿಟ್ಟು ಯಾಕೆ ಅಂತ ಆಮೇಲೆ ಅರ್ಥವಾಯಿತು. ಐಡಿಪಿ ಅನ್ನುವುದು ಒಂದೇ ಪುಸ್ತಕ ಅಲ್ಲ. 1926ರಲ್ಲಿ ಪ್ಯಾರಿಸ್‌ನಲ್ಲಿ, 1949ರಲ್ಲಿ ಜಿನೀವಾದಲ್ಲಿ, 1968ರಲ್ಲಿ ವಿಯೆನ್ನಾದಲ್ಲಿ ರಸ್ತೆ ಸಂಚಾರದ ಬಗ್ಗೆ ದೇಶ ದೇಶಗಳ ನಡುವೆ ಬೇರೆ ಬೇರೆ ಒಪ್ಪಂದ ಆಗಿದೆ. ಪ್ರತಿಯೊಂದಕ್ಕೂ ಅದರದ್ದೇ ಪುಸ್ತಕ. ಜಪಾನ್ ಒಪ್ಪುವುದು 1949ರದ್ದು ಮಾತ್ರ. ಭಾರತ ಆ ಒಪ್ಪಂದದಲ್ಲಿ ಇರುವುದರಿಂದ ನಮ್ಮ ಪುಸ್ತಕ ನಡೆಯುತ್ತದೆ. ನಮ್ಮ ಪಕ್ಕದ ಕೌಂಟರಿನಲ್ಲಿ ಜರ್ಮನಿಯವರು ನಿಂತಿದ್ದರು. ಅವರ ಕೈಯಲ್ಲಿ ಐಡಿಪಿ ಇರಲೇ ಇಲ್ಲ, ತಮ್ಮ ಲೈಸೆನ್ಸಿನ ಜಪಾನಿ ಅನುವಾದ ಇತ್ತು. ಜರ್ಮನಿ, ಫ್ರಾನ್ಸ್, ಸ್ವಿಟ್ಜರ್ಲೆಂಡ್ ಲೈಸೆನ್ಸಿನವರಿಗೆ ಅಲ್ಲಿ ಹಾಗೆಯೇ. ಇನ್ನು ಚೀನಾದ ಮುಖ್ಯ ಭೂಭಾಗದಲ್ಲಿ ಯಾವ ಐಡಿಪಿಯೂ ನಡೆಯುವುದಿಲ್ಲ. ಹೋಗುವ ದೇಶ ಯಾವ ಪುಸ್ತಕ ಒಪ್ಪುತ್ತದೆ ಅಂತ ನೋಡದೆ ಸುಮ್ನೆ ‘ಐಡಿಪಿ ಮಾಡಿಸಿದೆ’ ಅಂದರೆ ಅರ್ಧ ಕೆಲಸ ಮಾತ್ರ ಆದ ಹಾಗೆ.

ಎಂಟು ದಿನ ನಾನೇ ಓಡಿಸಿದೆ. ಹೊಕ್ಕೈಡೊದಲ್ಲಿ ಊರಿಂದ ಊರಿಗೆ ದೂರ ಜಾಸ್ತಿ. ಐದನೇ ದಿನ ರಸ್ತೆ ಬದಿಯ ಒಂದು ತಂಗುದಾಣದಲ್ಲಿ ನಿಲ್ಲಿಸಿದಾಗ ನನ್ನ ಕಣ್ಣು ಕೂರುತ್ತಿತ್ತು. ಭಾವ, ‘ಕೊಡು ಇಲ್ಲಿ, ಒಂದು ಗಂಟೆ ನಾನು ಓಡಿಸ್ತೀನಿ. ಈ ಕಾಡಲ್ಲಿ ಯಾರು ನೋಡ್ತಾರೆ?’ ಅಂದರು.

‘ಬೇಡ ಭಾವ. ಪೊಲೀಸರು ನೋಡಲ್ಲ ಸರಿ. ಜಿಂಕೆ ಅಡ್ಡ ಬಂದರೆ?’

ಅವರು ಮುಖ ಊದಿಸಿಕೊಂಡರು. ಆದರೆ ಲೆಕ್ಕ ಇಷ್ಟೇ. ಬಾಡಿಗೆ ಒಪ್ಪಂದದಲ್ಲಿ ಹೆಸರಿಲ್ಲದವರು ಸ್ಟಿಯರಿಂಗ್ ಹಿಡಿದಾಗ ಏನಾದರೂ ಆದರೆ ಬಾಡಿಗೆ ಕಂಪನಿಯ ವಿಮೆ ಕೈ ಬಿಡುತ್ತದೆ. ಕಾರಿನ ರಿಪೇರಿ, ಎದುರಿನವರ ನಷ್ಟ, ಎಲ್ಲ ನಮ್ಮ ತಲೆ ಮೇಲೆ. ಮುಕ್ಕಾಲು ಗಂಟೆ ಕಾರಲ್ಲೇ ಮಲಗಿ ಎದ್ದು ಮತ್ತೆ ಹೊರಟೆ.

ಇದಕ್ಕೆ ಪೂರ್ತಿ ಉಲ್ಟಾ ಅನುಭವ ಇಟಲಿಯದ್ದು. ಅದು ಮೊದಲೇ ಆಗಿತ್ತು. ಅಲ್ಲಿ ಕೌಂಟರಿನವನು ನನ್ನ ಭಾರತದ ಲೈಸೆನ್ಸ್ ಕಾರ್ಡ್ ನೋಡಿ ಫೋಟೊಕಾಪಿ ತೆಗೆದುಕೊಂಡ, ಕೀಲಿ ಕೊಟ್ಟ. ಐಡಿಪಿ ಕೇಳಲೇ ಇಲ್ಲ. ‘ಸುಮ್ನೆ ಮಾಡಿಸಿದೆವಲ್ಲ ಇದನ್ನ’ ಅಂತ ಬ್ಯಾಗಿನ ತಳಕ್ಕೆ ಹಾಕಿದೆ. ಮೂರನೇ ದಿನ ಟಸ್ಕನಿಯ ಒಂದು ಸಣ್ಣ ರಸ್ತೆಯಲ್ಲಿ ಪೊಲೀಸರು ಕೈ ಅಡ್ಡ ಹಾಕಿದರು. ಅವರಿಗೆ ಬೇಕಾಗಿದ್ದು ಅದೇ ಪುಸ್ತಕ. ಯುರೋಪ್ ಒಕ್ಕೂಟದ ಹೊರಗಿನ ಲೈಸೆನ್ಸ್ ಆದರೆ ಇಟಲಿಯಲ್ಲಿ ಐಡಿಪಿ ಇಲ್ಲವೇ ಅಧಿಕೃತ ಅನುವಾದ ಜೊತೆಗಿರಬೇಕು, ಇಲ್ಲದಿದ್ದರೆ ದಂಡ. ಡಿಕ್ಕಿ ತೆಗೆದು, ಬ್ಯಾಗ್ ತೆಗೆದು, ಬಟ್ಟೆಯೆಲ್ಲ ರಸ್ತೆಗೆ ಬಿದ್ದು, ಅಂತೂ ಪುಸ್ತಕ ಸಿಕ್ಕಿತು.

ಅವತ್ತಿಂದ ನಾನು ಮೂವರನ್ನು ಬೇರೆ ಬೇರೆಯಾಗಿ ನೆನೆಸಿಕೊಳ್ಳುತ್ತೇನೆ: ಕೌಂಟರಿನವರು, ಪೊಲೀಸರು, ವಿಮೆಯವರು. ಒಬ್ಬರು ಕೇಳಲಿಲ್ಲ ಅಂದರೆ ಇನ್ನೊಬ್ಬರು ಕೇಳಲ್ಲ ಅಂತೇನೂ ಇಲ್ಲ. ಮೂರನೆಯವರು ಕೇಳುವುದಂತೂ ಏನಾದರೂ ಅನಾಹುತ ಆದ ಮೇಲೆಯೇ.

ಹೆಸರಿನ ಗೋಳು ಇನ್ನೊಂದು. ನಮ್ಮಲ್ಲಿ ಇನಿಷಿಯಲ್ ಇರುವವರಿಗೆ ಇದು ತಪ್ಪಿದ್ದಲ್ಲ. ನನ್ನ ಪಾಸ್‌ಪೋರ್ಟಿನಲ್ಲಿ ಅಪ್ಪನ ಹೆಸರು ಪೂರ್ತಿ ಇದೆ, ಹಳೇ ಲೈಸೆನ್ಸಿನಲ್ಲಿ ಒಂದೇ ಅಕ್ಷರ ಇತ್ತು. ಐಡಿಪಿ ಮಾಡಿಸುವ ಮೊದಲೇ ಲೈಸೆನ್ಸಿನ ಹೆಸರನ್ನು ಪಾಸ್‌ಪೋರ್ಟಿಗೆ ಸರಿಯಾಗಿ ತಿದ್ದಿಸಿದೆ. ಓಡಾಟ ಆಯಿತು, ಆದರೆ ಒಂದೇ ಸಲ. ಕ್ರೆಡಿಟ್ ಕಾರ್ಡ್ ಮಾತ್ರ ಮರೆತಿದ್ದೆ. ಇಟಲಿಯ ಅದೇ ಕೌಂಟರಿನಲ್ಲಿ ಕಾರ್ಡಿನ ಮೇಲಿನ ಹೆಸರು ಬೇರೆ ಥರ ಇದೆ ಅಂತ ತಕರಾರು ಬಂತು. ಕಾರು ಬುಕ್ ಮಾಡಿದ ಡ್ರೈವರ್ ಹೆಸರಲ್ಲೇ ಕ್ರೆಡಿಟ್ ಕಾರ್ಡ್ ಇರಬೇಕು, ಡಿಪಾಸಿಟ್ ಮೊತ್ತವನ್ನು ಅದರಲ್ಲೇ ತಡೆಹಿಡಿಯುತ್ತಾರೆ. ಎಷ್ಟೋ ಕಡೆ ಡೆಬಿಟ್ ಕಾರ್ಡ್ ಬೇಡ ಅಂತಾರೆ. ನನ್ನ ಹತ್ತಿರ ಪೂರ್ತಿ ಹೆಸರಿದ್ದ ಇನ್ನೊಂದು ಕಾರ್ಡ್ ಇತ್ತು, ಬಚಾವಾದೆ.

ತಾರೀಕುಗಳ ವಿಷಯ ಚಿಕ್ಕದು. 1949ರ ಪುಸ್ತಕ ಒಂದು ವರ್ಷಕ್ಕಷ್ಟೇ. ಅದು ಲೈಸೆನ್ಸಿನ ಅನುವಾದ ಇದ್ದ ಹಾಗೆ, ಒಂಟಿಯಾಗಿ ಬೆಲೆ ಇಲ್ಲ. ಮೂಲ ಕಾರ್ಡಿನ ಅವಧಿ ಮುಗಿದರೆ ಪುಸ್ತಕದ ಕತೆಯೂ ಮುಗೀತು. ಕಾರ್ಡ್ ಮನೆಯಲ್ಲಿ ಬಿಟ್ಟು ಫೋನಿನಲ್ಲಿ ತೋರಿಸ್ತೀನಿ ಅನ್ನಬೇಡಿ, ವಿದೇಶದ ಕೌಂಟರಿನಲ್ಲಿ ಅವರು ಕೇಳುವುದು ಕೈಯಲ್ಲಿ ಹಿಡಿಯುವ ಕಾರ್ಡು.

ಬ್ರಿಟನ್ನಿನಲ್ಲಿ ನೆಲೆಸಿರುವ ನನ್ನ ಅಕ್ಕನ ಮಗನ ತಾಪತ್ರಯವೇ ಬೇರೆ. ಅವನ ಹತ್ತಿರ ಅಲ್ಲಿನ ಲೈಸೆನ್ಸ್ ಇದೆ. ಮೊದಲು ಕಾರ್ಡಿನ ಜೊತೆ ಒಂದು ಕಾಗದದ ಭಾಗ ಇರುತ್ತಿತ್ತಂತೆ, ಅದನ್ನು 2015ರ ಜೂನ್ 8ರಂದು ತೆಗೆದುಹಾಕಿದರು. ದಂಡ, ಪೆನಾಲ್ಟಿ ಪಾಯಿಂಟ್ (ಸಂಚಾರ ನಿಯಮ ಮುರಿದರೆ ಲೈಸೆನ್ಸಿನ ಮೇಲೆ ಬೀಳುವ ಅಂಕ) ಎಲ್ಲ ಈಗ ಆನ್‌ಲೈನ್‌ನಲ್ಲಿ. ಬಾಡಿಗೆ ಕಂಪನಿ ಅದನ್ನು ನೋಡಬೇಕು ಅಂದರೆ ಒಂದು ಕೋಡ್ ತೆಗೆದು ಕೊಡಬೇಕು. ಆ ಕೋಡ್ 21 ದಿನ ಮಾತ್ರ ನಡೆಯುತ್ತದೆ. ಇವನು ಶಿಸ್ತಿನ ಹುಡುಗ, ತಿಂಗಳ ಮೊದಲೇ ತೆಗೆದು ಪ್ರಿಂಟ್ ಹಾಕಿಟ್ಟುಕೊಂಡಿದ್ದ! ಸ್ಪೇನ್‌ನಲ್ಲಿ ಇಳಿದು ನಿಲ್ದಾಣದ ವೈಫೈ ಹುಡುಕಿ ಹೊಸದು ತೆಗೆಯುವಷ್ಟರಲ್ಲಿ ಹಿಂದಿನ ಸಾಲಿನವರೆಲ್ಲ ಕಾರು ತೆಗೆದುಕೊಂಡು ಹೊರಟಿದ್ದರು.

ಈಚೆಗೆ ಭಾವ ಮತ್ತೆ ಐಡಿಪಿ ಮಾಡಿಸಿದರು. ಜೊತೆಗೆ ನಾನೂ ಹೋಗಿದ್ದೆ. ಪುಸ್ತಕ ಕೈಗೆ ಬಂದಾಗ ಕಿಟಕಿ ಬಿಟ್ಟು ಅಲ್ಲಾಡಲಿಲ್ಲ. ಕನ್ನಡಕ ಹಾಕಿಕೊಂಡು ನೇರ ಆ ಪುಟಕ್ಕೆ ಹೋದರು. ಹಿಂದೆ ನಿಂತವರು ‘ಸಾರ್, ಸ್ವಲ್ಪ ಪಕ್ಕಕ್ಕೆ’ ಅಂದರು. ‘ಒಂದು ನಿಮಿಷ ಇರಿ ಸ್ವಾಮಿ, ಬಿ ಹುಡುಕ್ತಾ ಇದೀನಿ’ ಅಂದರು ಭಾವ.