ಹೊಲಿಗೆ ಮೆಷಿನ್ ಮುಂದೆ ಬೆರಳು ಕಾಯುವ ಬಿದಿರ ಕಡ್ಡಿ

ರವಿಕೆಯ ಕುತ್ತಿಗೆಗೆ ಪೈಪಿಂಗ್ ಕೂರಿಸುವಾಗ, ಲಂಗದ ನೆರಿಗೆಯನ್ನು ಪಟ್ಟಿಗೆ ಸೇರಿಸುವಾಗ ಹೊಸದಾಗಿ ಕಲಿಯುವವರ ತೋರುಬೆರಳು ತಾನಾಗಿಯೇ ಸೂಜಿಯ ಬುಡಕ್ಕೆ ಹೋಗುತ್ತದೆ. ಮೈಸೂರಿನಲ್ಲಿ ಹೊಲಿಗೆ ಕಲಿಸುವ ನಾನು ದಿನವೂ ಇದನ್ನು ನೋಡುತ್ತೇನೆ, ದಿನವೂ ಕೈ ಹಿಂದಕ್ಕೆ ಎಳೆಯುತ್ತೇನೆ. ಕಾಲಲ್ಲಿ ತುಳಿಯುವ ಮೆಷಿನ್‌ನಲ್ಲಿ ವೇಗ ನಮ್ಮ ಕಾಲಿನಷ್ಟೇ ಇತ್ತು. ಈಗ ಹೆಚ್ಚಿನವಕ್ಕೆ ಮೋಟಾರು. ಮನೆಬಳಕೆಯ ಮೆಷಿನ್ ಕೂಡ ಪೆಡಲ್ ಪೂರ್ತಿ ಒತ್ತಿದರೆ ನಿಮಿಷಕ್ಕೆ 600ರಿಂದ 1,000 ಹೊಲಿಗೆ ಹಾಕುತ್ತದೆ. ಸೆಕೆಂಡಿಗೆ ಹತ್ತು ಸಲ ಇಳಿಯುವ ಸೂಜಿಯಿಂದ ಬೆರಳನ್ನು ನೋಡಿಕೊಂಡು ತಪ್ಪಿಸಲು ಆಗುವುದಿಲ್ಲ. ಬೆರಳು ಅಲ್ಲಿಗೆ ಹೋಗಲೇಬಾರದು. ಬೆರಳಿನ ಬದಲು ಬಟ್ಟೆ ಒತ್ತಿ ಹಿಡಿಯಲು ಒಂದು ಕಡ್ಡಿ ಸಾಕು.

ಯಾವ ಕಡ್ಡಿ?

ಬಿದಿರಿನದು. ಇದರಲ್ಲಿ ರಾಜಿಯಿಲ್ಲ. ಕತ್ತರಿಯ ತುದಿ, ಹೊಲಿಗೆ ಬಿಚ್ಚುವ ರಿಪ್ಪರ್, ಸೇಫ್ಟಿ ಪಿನ್, ಸ್ಟೀಲಿನ ಹೆಣಿಗೆ ಕಡ್ಡಿ, ಹೀಗೆ ಕೈಗೆ ಸಿಕ್ಕಿದ್ದರಿಂದ ಬಟ್ಟೆ ಒತ್ತಿ ಹಿಡಿಯುವವರೇ ಹೆಚ್ಚು. ಓಡುವ ಸೂಜಿ ಲೋಹಕ್ಕೆ ತಾಗಿದರೆ ಮುರಿಯುತ್ತದೆ, ಚೂರು ಸಿಡಿಯುತ್ತದೆ, ಸಿಡಿಯುವುದು ಬಗ್ಗಿ ಕೂತವರ ಮುಖದ ಕಡೆಗೆ. ಬಿದಿರಿಗೆ ತಾಗಿದರೆ ಬಹುಮಟ್ಟಿಗೆ ಕಡ್ಡಿಗೊಂದು ತೂತು, ಅಷ್ಟೇ.

ಸೂಪರ್ ಮಾರ್ಕೆಟ್‌ನಲ್ಲಿ ಸಿಗುವ ಕಬಾಬ್ ಕಡ್ಡಿ ನನ್ನ ಆಯ್ಕೆ. ನೂಡಲ್ಸ್ ಜೊತೆ ಕೊಡುವ ಚಾಪ್‌ಸ್ಟಿಕ್ ಸಹ ನಡೆಯುತ್ತದೆ, ಆದರೆ ತುದಿ ದಪ್ಪ, ತುಂಬಾ ಕೆತ್ತಬೇಕು. ನಮ್ಮೂರಲ್ಲಿ ಊದುಬತ್ತಿ ಕಡ್ಡಿಗೇನೂ ಬರವಿಲ್ಲ, ಅದನ್ನೇ ತರುವವರಿದ್ದಾರೆ. ಅದು ತೀರಾ ಸಣ್ಣ, ಒತ್ತಿದರೆ ಲಟಕ್ಕನೆ ಮುರಿಯುತ್ತದೆ. ಹಲ್ಲುಕಡ್ಡಿ ಗಿಡ್ಡವಾದ್ದರಿಂದ ಬೆರಳು ಮತ್ತೆ ಸೂಜಿಯ ಹತ್ತಿರವೇ ಬರುತ್ತದೆ. ಪೊರಕೆಯ ತೆಂಗಿನ ಕಡ್ಡಿ ಬಾಗುತ್ತದೆ, ಬೇಡ. ಆನ್‌ಲೈನ್‌ನಲ್ಲಿ ಇದೇ ಕೆಲಸಕ್ಕೆಂದು ಮಾರುವ ಹಿತ್ತಾಳೆ ಮೊನೆಯ ಸಾಧನಕ್ಕೆ ದುಡ್ಡು ಹಾಕಬೇಡಿ, ಅದೂ ಲೋಹವೇ.

ಕಡ್ಡಿಯನ್ನು ಆರು ಇಂಚಿಗೆ ಕತ್ತರಿಸಿ. ಚೂಪು ತುದಿಯನ್ನು ಸಣ್ಣ ಉಪ್ಪುಕಾಗದದಲ್ಲಿ ಉಜ್ಜಿ ಮೊಂಡು ಮಾಡಿ. ಕೆನ್ನೆಗೆ ಸವರಿದರೆ ತರಚಬಾರದು. ಹತ್ತಿ ಬಟ್ಟೆಗೆ ಇಷ್ಟು ನುಣುಪು ಬೇಕಿಲ್ಲ, ಮೈಸೂರು ರೇಷ್ಮೆಗೆ ಬೇಕೇ ಬೇಕು. ಹುರಿ ಮಾಡಿದ ಎಳೆಯಲ್ಲಿ ನೇಯ್ದ ಆ ಕ್ರೇಪ್ ಬಟ್ಟೆ ಕೈಯಲ್ಲಿ ನಿಲ್ಲದೆ ಜಾರುತ್ತದೆ, ಗುಂಡುಪಿನ್ನು ಚುಚ್ಚಿದರೆ ಗುರುತು ಉಳಿಯುತ್ತದೆ, ಒರಟು ತುದಿ ತಾಗಿದರೆ ಎಳೆ ಏಳುತ್ತದೆ.

ಹಿಡಿಯುವುದು ಹೇಗೆ?

ಎಲ್ಲರೂ ತಪ್ಪುವುದು ಇಲ್ಲೇ. ಕಡ್ಡಿ ಸಿಕ್ಕಿತೆಂದು ಅದರಿಂದ ಬಟ್ಟೆಯನ್ನು ತಳ್ಳತೊಡಗುತ್ತಾರೆ. ಬಟ್ಟೆಯನ್ನು ಮುಂದೆ ಒಯ್ಯುವುದು ಸೂಜಿಯ ಕೆಳಗಿನ ಲೋಹದ ತಟ್ಟೆಯಲ್ಲಿರುವ ಹಲ್ಲಿನ ಕೆಲಸ. ನೀವು ತಳ್ಳಿದರೆ ಸೊಟ್ಟ ಹೊಲಿಗೆ, ಹಿಂದಿನಿಂದ ಎಳೆದರೆ ಸೂಜಿ ಬಾಗಿ ತಟ್ಟೆಗೆ ಬಡಿಯುತ್ತದೆ. ಕಡ್ಡಿ ಮಾಡಬೇಕಾದ್ದು ಇಷ್ಟೇ: ಮೇಲಿನ ಪದರ ಜಾರದಂತೆ, ಅಂಚು ಮಗುಚದಂತೆ, ಮೆಷಿನ್ ಪಾದದ (ಸೂಜಿಯ ಸುತ್ತ ಬಟ್ಟೆಯನ್ನು ಅದುಮುವ ಲೋಹದ ತುಂಡು) ಕೆಳಗೆ ಹೋಗುವವರೆಗೆ ಒತ್ತಿಹಿಡಿಯುವುದು.

ಬಲಗೈಯಲ್ಲಿ ಪೆನ್ಸಿಲ್ ಹಿಡಿದಂತೆ ಹಿಡಿಯಿರಿ, ಆದರೆ ನೆಟ್ಟಗಲ್ಲ, ಬಟ್ಟೆಯ ಮೇಲೆ ಹೆಚ್ಚುಕಡಿಮೆ ಮಲಗಿಸಿ. ನೆಟ್ಟಗೆ ಹಿಡಿದರೆ ತುದಿ ಬಟ್ಟೆಯನ್ನು ತಟ್ಟೆಯ ತೂತಿಗೆ ನೂಕುತ್ತದೆ. ತುದಿ ಬಲಮಗ್ಗುಲಿನಿಂದ ಓರೆಯಾಗಿ ಬರಲಿ, ಸೂಜಿ ಇಳಿಯುವ ಗೆರೆಯ ಮೇಲೆ ಇಡಬೇಡಿ. ಎಡಗೈ ಪಾದದಿಂದ ಮೂರು ನಾಲ್ಕು ಇಂಚು ದೂರದಲ್ಲಿ ಬಟ್ಟೆಯನ್ನು ಹರವಿಕೊಂಡಿರಲಿ. ಈಗ ಒಂದು ನೆರಿಗೆಯನ್ನು ತುದಿಯಿಂದ ಒತ್ತಿ, ಬಟ್ಟೆ ಸಾಗಿದಂತೆ ಕಡ್ಡಿಯೂ ಅದರೊಟ್ಟಿಗೆ ಸಾಗಲಿ. ಪಾದದ ಮುಂದಿನ ಎರಡು ಕವಲು ಸಿಕ್ಕುವಲ್ಲಿ ಕಡ್ಡಿಯನ್ನು ಎತ್ತಿಬಿಡಿ. ಹಿಂದಕ್ಕೆ ಬನ್ನಿ, ಮುಂದಿನ ನೆರಿಗೆ. ಕೈ ಪಳಗುವವರೆಗೆ ಪಾದದೊಳಗೆ ತುದಿ ಹಾಕಲೇಬೇಡಿ. ಪೆಡಲ್ ಅರ್ಧ ಒತ್ತಿದರೆ ಸಾಕು. ತೀರಾ ಇಕ್ಕಟ್ಟಿನ ತಿರುವಿನಲ್ಲಿ ಪೆಡಲ್ ಬಿಟ್ಟು, ಚಕ್ರವನ್ನು ಕೈಯಲ್ಲಿ ತಿರುಗಿಸಿ. ನಿಧಾನವಾಯಿತೆಂದು ಯಾರೂ ಬೈಯುವುದಿಲ್ಲ.

ಮೊದಲು ಹಳೆಯ ಪಂಚೆಯ ತುಂಡಿನಲ್ಲಿ, ದಾರವಿಲ್ಲದ ಸೂಜಿಯಿಂದ ಅಭ್ಯಾಸ ಮಾಡಿ.

ಕಡ್ಡಿಯೂ ಸಾಲದಿದ್ದಾಗ

ಕಂಕುಳಲ್ಲಿ ನಾಲ್ಕು ಹೊಲಿಗೆ ಕೂಡುವಲ್ಲಿ, ಜೀನ್ಸ್ ಮಡಿಕೆಯಲ್ಲಿ ಪಾದದ ಮೂತಿ ಮೇಲೇಳುತ್ತದೆ, ಬಟ್ಟೆ ನಿಂತಲ್ಲೇ ನಿಲ್ಲುತ್ತದೆ. ಆಗ ಬೆರಳಿಂದ ದೂಡಬೇಡಿ. ಸೂಜಿಯನ್ನು ಬಟ್ಟೆಯೊಳಗೇ ಇಳಿಸಿ, ಪಾದ ಎತ್ತಿ, ಹಳೆಯ ಲಗ್ನಪತ್ರಿಕೆಯ ರಟ್ಟನ್ನು ಅಷ್ಟೇ ದಪ್ಪಕ್ಕೆ ಮಡಿಚಿ ಪಾದದ ಹಿಂಭಾಗದ ಅಡಿಗೆ ಕೊಡಿ. ಪಾದ ಮಟ್ಟವಾಗುತ್ತದೆ, ಬಟ್ಟೆ ತಾನೇ ಸಾಗುತ್ತದೆ. ಜಾರುವ ಬಟ್ಟೆಯ ಮೂಲೆಯನ್ನು ಮೆಷಿನ್ ನುಂಗುತ್ತಿದ್ದರೆ ಕೆಳಗೆ ಬಟರ್ ಪೇಪರ್ ಇಟ್ಟು ಹೊಲಿದು ಆಮೇಲೆ ಹರಿದು ತೆಗೆಯಿರಿ. ಪತ್ರಿಕೆ ಹಾಳೆ ಬೇಡ, ತಿಳಿಬಣ್ಣದ ರೇಷ್ಮೆಗೆ ಮಸಿ ಹತ್ತುತ್ತದೆ.

ಅಂಚಿನ ಅಳತೆಗೆ ಮೆಷಿನ್ ತಟ್ಟೆಯ ಮೇಲೆ ಮಾಸ್ಕಿಂಗ್ ಟೇಪ್ ಅಂಟಿಸಿ. ಅಳೆಯುವುದು ಪಾದದ ಅಂಚಿನಿಂದಲ್ಲ, ಇಳಿಸಿದ ಸೂಜಿಯಿಂದ. ಸೆಲ್ಲೋ ಟೇಪ್ ಹಾಕಿದರೆ ಅಂಟು ಉಳಿದು ಬಟ್ಟೆ ಹಿಡಿಯುತ್ತದೆ.

ಇಷ್ಟಾದರೂ ಸೂಜಿ ಮುರಿದರೆ ಕೂಡಲೇ ಸ್ವಿಚ್ ಆರಿಸಿ, ಚೂರುಗಳನ್ನೆಲ್ಲ ಜೋಡಿಸಿ ಪೂರ್ತಿ ಸೂಜಿಯಾಯಿತೇ ನೋಡಿ. ಮದ್ದೂರಿನ ಗಾರ್ಮೆಂಟ್ಸ್‌ಗೆ ಹೋಗುವ ಹೆಣ್ಣುಮಕ್ಕಳನ್ನು ಕೇಳಿ, ಮುರಿದ ಸೂಜಿಯ ಎಲ್ಲ ಚೂರೂ ಸಿಕ್ಕದೆ ಹೊಸ ಸೂಜಿ ಕೊಡದಿರುವುದು ಅಂಥ ಕಾರ್ಖಾನೆಗಳ ರೂಢಿ. ಬೆರಳಿಗೆ ಚುಚ್ಚಿಕೊಂಡಿದ್ದು ಚೂರು ಕಡಿಮೆ ಬಿದ್ದರೆ ಅರಿಶಿನ ಮೆತ್ತಿ ಸುಮ್ಮನಾಗಬೇಡಿ, ಆಸ್ಪತ್ರೆಗೆ ಹೋಗಿ ಎಕ್ಸ್‌ರೇ ತೆಗೆಸಿ, ಧನುರ್ವಾಯು ತಡೆಯುವ ಇಂಜೆಕ್ಷನ್ ಬೇಕೇ ಎಂದು ಕೇಳಿ.

ಕಡ್ಡಿಯ ತುದಿ ಸೀಳಿದ ದಿನವೇ ಅದನ್ನು ಎಸೆದು ಬೇರೆಯದನ್ನು ಉಜ್ಜಿಕೊಳ್ಳಿ.