ಕಾರ್ಪೊರೇಟ್ ಡಿಸ್ಕೌಂಟ್ ಕೈಯಲ್ಲಿಟ್ಟುಕೊಂಡು ಹೊಸ ಕಾರಿನ ಬೆಲೆ ಕುದುರಿಸುವುದು ಹೇಗೆ

ಶೋರೂಮಿನಲ್ಲಿ ಕೂತು ನೀರು ಕುಡಿಯುವಷ್ಟರಲ್ಲಿ ಬರುವ ಪ್ರಶ್ನೆ, "ಸರ್, ತಾವು ಎಲ್ಲಿ ಕೆಲಸ ಮಾಡ್ತೀರಾ?" ಅದನ್ನು ಲೋಕಾಭಿರಾಮ ಎಂದುಕೊಳ್ಳಬೇಡಿ. ನಿಮ್ಮ ಸಂಸ್ಥೆ ಕಾರು ಕಂಪನಿಯ ಕಾರ್ಪೊರೇಟ್ ಪಟ್ಟಿಯಲ್ಲಿದ್ದರೆ ನಿಮಗೊಂದು ರಿಯಾಯಿತಿ ಉಂಟು. ಅದರ ದುಡ್ಡು ಬರುವುದು ಕಾರು ತಯಾರಿಸುವ ಕಂಪನಿಯಿಂದ. ಡೀಲರ್ ನಿಮ್ಮ ಐಡಿ ಕಾರ್ಡು, ಸಂಬಳದ ಚೀಟಿ ಅಪ್‌ಲೋಡ್ ಮಾಡಿ ಅದನ್ನು ಕ್ಲೇಮು ಮಾಡಿಕೊಳ್ಳುತ್ತಾನೆ. ಹಾಗಾಗಿ "ನಿಮಗೋಸ್ಕರ ಮ್ಯಾನೇಜರ್ ಹತ್ರ ಮಾತಾಡಿ ಹತ್ತು ಸಾವಿರ ಬಿಡಿಸಿದೀನಿ" ಅನ್ನುವಾಗ ಸೇಲ್ಸ್ ಹುಡುಗ ಎಷ್ಟೋ ಸಲ ನಿಮ್ಮದೇ ಹಕ್ಕಿನ ದುಡ್ಡನ್ನು ನಿಮಗೆ ದಾನ ಕೊಟ್ಟಿರುತ್ತಾನೆ. ಡೀಲರನ ಜೇಬಿಗೆ ಇನ್ನೂ ಕೈಯೇ ಹೋಗಿರುವುದಿಲ್ಲ.

ಇಲ್ಲಿನ ವಿವರಗಳೆಲ್ಲ ಈ ಒಂದು ವ್ಯತ್ಯಾಸದ ಮೇಲೆ ನಿಂತಿವೆ. ಕಂಪನಿ ಕೊಡುವುದೆಷ್ಟು, ಡೀಲರ್ ಬಿಡುವುದೆಷ್ಟು ಎಂದು ಬೇರೆಬೇರೆಯಾಗಿ ಕೇಳಬೇಕು, ಬೇರೆಬೇರೆಯಾಗಿ ಬರೆಸಿಕೊಳ್ಳಬೇಕು.

ಯಾವ ರಿಯಾಯಿತಿ ಯಾರದು

ಕಂಪನಿಯ ಕಡೆಯಿಂದ ಬರುವವು ಸಾಮಾನ್ಯವಾಗಿ ನಾಲ್ಕು. ಎಲ್ಲರಿಗೂ ಸಿಗುವ ಕನ್ಸ್ಯೂಮರ್ ಆಫರ್ ಒಂದು. ಇದು ತಿಂಗಳಿಗೊಮ್ಮೆ ಬದಲಾಗುತ್ತದೆ, ವೇರಿಯಂಟಿಗೂ ಇಂಧನಕ್ಕೂ ತಕ್ಕಂತೆ ಬೇರೆಯಾಗುತ್ತದೆ. ಎರಡನೆಯದು ಕಾರ್ಪೊರೇಟ್. ಮೂರನೆಯದು ಹಳೆ ಕಾರು ಕೊಟ್ಟರೆ ಸಿಗುವ ಎಕ್ಸ್‌ಚೇಂಜ್ ಬೋನಸ್, ಇಲ್ಲವೇ ನೋಂದಾಯಿತ ಸ್ಕ್ರ್ಯಾಪಿಂಗ್ ಕೇಂದ್ರಕ್ಕೆ ಹಾಕಿ ಪಡೆದ ಸರ್ಟಿಫಿಕೇಟ್ ಆಫ್ ಡಿಪಾಸಿಟ್ ತೋರಿಸಿದರೆ ಸಿಗುವ ಸ್ಕ್ರ್ಯಾಪೇಜ್ ಬೋನಸ್. ಸಾಮಾನ್ಯವಾಗಿ ಎರಡರಲ್ಲಿ ಒಂದೇ. ನಾಲ್ಕನೆಯದು ಅದೇ ಬ್ರ್ಯಾಂಡಿನ ಕಾರು ಮನೆಯಲ್ಲಿ ಮೊದಲೇ ಇದ್ದವರಿಗೆ ಲಾಯಲ್ಟಿ ಬೋನಸ್. ಇವುಗಳಲ್ಲಿ ಯಾವುದರ ಜೊತೆ ಯಾವುದು ಸೇರುತ್ತದೆ ಎಂಬುದನ್ನು ಆ ತಿಂಗಳ ಸುತ್ತೋಲೆ ಹೇಳುತ್ತದೆ. ಅದು ಸೇಲ್ಸ್ ಮ್ಯಾನೇಜರನ ಫೋನಿನಲ್ಲಿ ಇರುತ್ತದೆ. "ಈ ತಿಂಗಳ ಸ್ಕೀಮ್ ತೋರಿಸಿ" ಅಂತ ನೇರವಾಗಿ ಕೇಳಿ. ಎಲ್ಲರೂ ತೋರಿಸುವುದಿಲ್ಲ, ಆದರೆ ಆ ಮಾತು ಕೇಳಿದ ಗಿರಾಕಿಯ ಜೊತೆ ಮಾತಿನ ಧಾಟಿ ಬದಲಾಗುತ್ತದೆ.

ಇದರ ಮೇಲೆ ಡೀಲರ್ ತನ್ನ ಲಾಭಾಂಶದಿಂದ ಬಿಡುವುದು ಬೇರೆ. ಬಿಡಲು ಕಾರಣವಿದ್ದರೆ ಮಾತ್ರ ಬಿಡುತ್ತಾನೆ: ತಿಂಗಳ ಕೊನೆಯ ಟಾರ್ಗೆಟ್, ಅಂಗಳದಲ್ಲಿ ಕೂತು ಹಳತಾಗುತ್ತಿರುವ ಗಾಡಿ, ಓಡದ ಬಣ್ಣ, ಹೊಸ ವರ್ಷಕ್ಕೆ ದಾಟಿದ ಹಿಂದಿನ ವರ್ಷದ ತಯಾರಿಕೆ. ಮೊನ್ನೆಯಷ್ಟೇ ಬಿಡುಗಡೆಯಾಗಿ ಮೂರು ತಿಂಗಳ ವೇಟಿಂಗ್ ಇರುವ ಮಾಡೆಲ್ಲಿಗೆ ಇವು ಯಾವುವೂ ಇಲ್ಲ. ಅಲ್ಲಿ ಬೆಲೆಗೆ ತಲೆ ಕೆಡಿಸಿಕೊಳ್ಳದೆ ವಿಮೆ, ಆಕ್ಸೆಸರಿ, ಹ್ಯಾಂಡ್ಲಿಂಗ್ ಚಾರ್ಜು (ಗಾಡಿ ತಂದು ಇಟ್ಟುಕೊಂಡದ್ದಕ್ಕೆಂದು ಡೀಲರ್ ಹಾಕುವ ದುಡ್ಡು) ಇವುಗಳ ಮೇಲೆ ಜಗ್ಗಾಡುವುದೇ ಸರಿ.

ಯಾರಿಗೆ ಅರ್ಹತೆ, ಏನು ಕಾಗದ

ಕಾರ್ಪೊರೇಟ್ ಅಂದಾಕ್ಷಣ ಐಟಿ ಕಂಪನಿ ಎಂದುಕೊಂಡು ಸುಮ್ಮನಾಗುವವರೇ ಹೆಚ್ಚು. ಸರ್ಕಾರಿ ನೌಕರರು, ಸಾರ್ವಜನಿಕ ಉದ್ದಿಮೆಗಳು, ಬ್ಯಾಂಕು, ಶಾಲಾ ಕಾಲೇಜು ಶಿಕ್ಷಕರು, ವೈದ್ಯರು, ಚಾರ್ಟರ್ಡ್ ಅಕೌಂಟೆಂಟುಗಳು ಬಹಳಷ್ಟು ಪಟ್ಟಿಗಳಲ್ಲಿ ಇದ್ದಾರೆ. ಕೆಲವು ಕಂಪನಿಗಳು ರೈತರಿಗೆ, ಪಂಚಾಯಿತಿ ಸದಸ್ಯರಿಗೆ ಗ್ರಾಮೀಣ ಆಫರ್ ಕೊಡುತ್ತವೆ. ಅಲ್ಲಿ ಪಹಣಿಯೇ ದಾಖಲೆ. ಪಟ್ಟಿಯೊಳಗೂ ದರ್ಜೆಗಳಿರುವುದರಿಂದ ಒಂದೇ ಕಾರಿಗೆ ಎರಡು ಸಂಸ್ಥೆಗಳ ನೌಕರರಿಗೆ ಬೇರೆಬೇರೆ ಮೊತ್ತ ಬರಬಹುದು. ಮೊದಲು ನಿಮ್ಮ ಎಚ್‌ಆರ್ ವಿಭಾಗವನ್ನೋ ಸಂಸ್ಥೆಯ ನೌಕರರ ಪೋರ್ಟಲನ್ನೋ ನೋಡಿ. ದೊಡ್ಡ ಸಂಸ್ಥೆಗಳು ಕಾರು ಕಂಪನಿಗಳ ಜೊತೆ ನೇರ ಒಪ್ಪಂದ ಮಾಡಿಕೊಂಡಿರುತ್ತವೆ, ಅದು ಶೋರೂಮಿನವರಿಗೇ ಗೊತ್ತಿರುವುದಿಲ್ಲ.

ಕೇಳುವ ಕಾಗದ ಇಷ್ಟು: ಚಾಲ್ತಿಯಲ್ಲಿರುವ ಐಡಿ ಕಾರ್ಡು, ಇತ್ತೀಚಿನ ಸಂಬಳದ ಚೀಟಿ, ಕೆಲವೊಮ್ಮೆ ಕಚೇರಿಯ ಇಮೇಲಿನಿಂದ ಒಂದು ಸಂದೇಶ ಅಥವಾ ಎಚ್‌ಆರ್ ಪತ್ರ. ವೃತ್ತಿನಿರತರಿಗೆ ನೋಂದಣಿ ಪ್ರಮಾಣಪತ್ರ.

ಹೆಚ್ಚು ಜನ ಮುಗ್ಗರಿಸುವುದು ಹೆಸರಿನಲ್ಲಿ. ಇನ್‌ವಾಯ್ಸ್ ಅಪ್ಪನ ಹೆಸರಲ್ಲಿ, ಕೆಲಸ ಮಗಳದು ಎಂದಾದರೆ ಕ್ಲೇಮು ಬಿದ್ದುಹೋಗುತ್ತದೆ. ಗಂಡ ಅಥವಾ ಹೆಂಡತಿಯ ಉದ್ಯೋಗವನ್ನು ಒಪ್ಪುವ ಸ್ಕೀಮುಗಳಿವೆ, ಒಪ್ಪದವೂ ಇವೆ. ಕಾರು ಯಾರ ಹೆಸರಿಗೆ ಎಂಬುದನ್ನು ಬುಕಿಂಗಿಗೆ ಮೊದಲೇ ತೀರ್ಮಾನಿಸಿ. "ಐಡಿ ಇಲ್ವಾ? ನಾವೇ ಒಂದು ಅಡ್ಜಸ್ಟ್ ಮಾಡ್ತೀವಿ" ಎನ್ನುವವರೂ ಸಿಗುತ್ತಾರೆ. ಕಂಪನಿಗಳು ಈ ಕ್ಲೇಮುಗಳನ್ನು ಆಡಿಟ್ ಮಾಡುತ್ತವೆ. ಸಿಕ್ಕಿಬಿದ್ದರೆ ಡೀಲರ್ ಆ ಹಣವನ್ನು ನಿಮ್ಮಿಂದ ವಸೂಲಿಗೆ ಬರುತ್ತಾನೆ, ಸುಳ್ಳು ಸಂಬಳದ ಚೀಟಿಯಂತೂ ಅಪರಾಧವೇ.

ಮಾತಿನ ಕ್ರಮ

ಮೊದಲ ಭೇಟಿಯಲ್ಲಿ ಎಲ್ಲಿ ಕೆಲಸ ಎಂದು ಕೇಳಿದರೆ ಸುಳ್ಳು ಬೇಡ, ವಿವರವೂ ಬೇಡ. "ಅದು ಆಮೇಲೆ ನೋಡೋಣ, ಮೊದಲು ಸಾಮಾನ್ಯ ಗಿರಾಕಿಗೆ ಏನು ಬೆಲೆ ಹೇಳಿ" ಅಂದರೆ ಸಾಕು. ಕನ್ಸ್ಯೂಮರ್ ಆಫರ್ ಕಳೆದ ಬೆಲೆ ಬರಲಿ. ಅದನ್ನಿಟ್ಟುಕೊಂಡು ಅದೇ ಬ್ರ್ಯಾಂಡಿನ ಇನ್ನೆರಡು ಡೀಲರ್‌ಗಳ ಹತ್ತಿರ ಅದೇ ವೇರಿಯಂಟು, ಅದೇ ಬಣ್ಣ, ಅದೇ ತಯಾರಿಕೆಯ ವರ್ಷಕ್ಕೆ ಲಿಖಿತ ಕೊಟೇಶನ್ ತೆಗೆದುಕೊಳ್ಳಿ. ವಾಟ್ಸಾಪಿನಲ್ಲಿ ಬಂದರೂ ನಡೆಯುತ್ತದೆ, ಡೀಲರನ ಲೆಟರ್‌ಹೆಡ್ ಇರಬೇಕು. ಡೀಲರನ ಪಾಲಿನ ರಿಯಾಯಿತಿ ಇನ್ನು ಹೆಚ್ಚುವುದಿಲ್ಲ ಅನ್ನಿಸಿದ ಮೇಲೆ ಐಡಿ ಕಾರ್ಡು ಮೇಜಿನ ಮೇಲಿಡಿ: "ಇದರ ಮೇಲೆ ಕಾರ್ಪೊರೇಟ್ ಎಷ್ಟು ಬರುತ್ತೆ, ಬೇರೆ ಸಾಲಿನಲ್ಲಿ ಬರೀರಿ."

ಮೊದಲೇ ಹೇಳಿಬಿಟ್ಟರೆ ನಷ್ಟವೇನು? ಕಾರ್ಪೊರೇಟಿನ ಮೊತ್ತವನ್ನು ಡೀಲರ್ ತನ್ನ ರಿಯಾಯಿತಿಯ ಜಾಗದಲ್ಲಿ ಇಟ್ಟು ಒಟ್ಟು ಮೊತ್ತವನ್ನೇ ದೊಡ್ಡದಾಗಿ ತೋರಿಸುತ್ತಾನೆ. ತೀರಾ ಕೊನೆಗೆ, ಬಿಲ್ಲು ಆದ ಮೇಲೆ ಹೇಳಿದರೂ ಕೆಟ್ಟಿತು. ಕ್ಲೇಮಿಗೆ ಬಿಲ್ಲಿಂಗಿನ ಮೊದಲೇ ಅರ್ಹತೆ ಪರಿಶೀಲನೆ ಆಗಬೇಕಾಗುತ್ತದೆ. ಡೀಲರನ ಬೆಲೆ ನಿಂತ ಮೇಲೆ, ಬುಕಿಂಗ್ ಫಾರಂ ತುಂಬುವ ಮುಂಚೆ: ಅದೇ ಸರಿಯಾದ ಹೊತ್ತು.

ರಿಯಾಯಿತಿ ಹೇಗೆ ಬರುತ್ತದೆ ಎಂಬುದನ್ನೂ ಕೇಳಿ. ಇನ್‌ವಾಯ್ಸಿನಲ್ಲೇ ಕಳೆದಿದ್ದರೆ ಒಳ್ಳೆಯದು. "ಕ್ಲೇಮು ಪಾಸಾದ ಮೇಲೆ ನಿಮ್ಮ ಅಕೌಂಟಿಗೆ ಹಾಕ್ತೀವಿ" ಎಂಬ ಮಾತನ್ನು ಒಪ್ಪಬೇಡಿ. ಕೀ ಕೈಗೆ ಬಂದ ಮೇಲೆ ಆ ದುಡ್ಡಿಗಾಗಿ ಅಲೆಯುವುದು ನಿಮ್ಮ ಪಾಡು.

ಆನ್‌ರೋಡ್ ಬೆಲೆ, ಸಾಲು ಸಾಲಾಗಿ

ಒಂದು ಕೈಯಲ್ಲಿ ಕೊಟ್ಟದ್ದು ಇನ್ನೊಂದರಲ್ಲಿ ವಾಪಸ್ ಹೋಗುವುದು ಇಲ್ಲಿಯೇ. ರಸ್ತೆ ತೆರಿಗೆ, ವಿಮೆ, ನೋಂದಣಿ ಸೇರದ ಎಕ್ಸ್‌ಶೋರೂಮ್ ಬೆಲೆ (ಇವೆಲ್ಲ ಸೇರಿದರೆ ಆನ್‌ರೋಡ್) 9,80,000 ರೂಪಾಯಿ ಇರುವ ಒಂದು ಕಾರು ಎಂದುಕೊಳ್ಳಿ. ಮೊದಲ ಡೀಲರ್ ಒಟ್ಟು 45,000 ಬಿಡುತ್ತಾನೆ. ಜೊತೆಗೆ ವಿಮೆ 52,000, ಆಕ್ಸೆಸರಿ ಪ್ಯಾಕ್ 25,000, ಹ್ಯಾಂಡ್ಲಿಂಗ್ 8,500. ಎರಡನೆಯವನು ಬಿಡುವುದು 30,000 ಮಾತ್ರ. ಪ್ಯಾಕೂ ಇಲ್ಲ, ಹ್ಯಾಂಡ್ಲಿಂಗೂ ಇಲ್ಲ, ಅಷ್ಟೇ ರಕ್ಷಣೆಯ ವಿಮೆಯನ್ನು ಹೊರಗೆ 38,000ಕ್ಕೆ ತರಲು ಒಪ್ಪುತ್ತಾನೆ. ತೆರಿಗೆ ಇಬ್ಬರಲ್ಲೂ ಒಂದೇ. ಮೊದಲನೆಯ ಕಡೆ ಎಕ್ಸ್‌ಶೋರೂಮಿನ ಮೇಲೆ ನಿವ್ವಳ 40,500 ಸೇರಿತು, ಎರಡನೆಯ ಕಡೆ 8,000. ರಿಯಾಯಿತಿ 15,000 ಕಡಿಮೆ ಇದ್ದ ಕಡೆಯೇ ಕಾರು 32,500 ಅಗ್ಗ.

ಕುದುರಿಸಲಾಗದವು ಯಾವುವು ಎಂದು ತಿಳಿದಿದ್ದರೆ ಉಳಿದದ್ದರ ಮೇಲೆ ಕಣ್ಣಿಡಬಹುದು. ಜಿಎಸ್‌ಟಿ ಎಕ್ಸ್‌ಶೋರೂಮಿನಲ್ಲೇ ಸೇರಿದೆ. 2025ರ ಸೆಪ್ಟೆಂಬರ್ 22ರಿಂದ ನಾಲ್ಕು ಮೀಟರ್ ಮೀರದ, ಪೆಟ್ರೋಲಾದರೆ 1200 ಸಿಸಿ, ಡೀಸೆಲ್ಲಾದರೆ 1500 ಸಿಸಿ ಒಳಗಿನ ಕಾರುಗಳಿಗೆ ಶೇ 18, ದೊಡ್ಡವಕ್ಕೆ ಶೇ 40, ವಿದ್ಯುತ್ ಕಾರುಗಳಿಗೆ ಶೇ 5. ಕರ್ನಾಟಕದ ಲೈಫ್‌ಟೈಮ್ ಟ್ಯಾಕ್ಸ್ ಪೆಟ್ರೋಲ್, ಡೀಸೆಲ್ ಕಾರುಗಳಿಗೆ 5 ಲಕ್ಷದವರೆಗೆ ಶೇ 13, 10 ಲಕ್ಷದವರೆಗೆ 14, 20 ಲಕ್ಷದವರೆಗೆ 17, ಅದರಾಚೆ 18, ಮೇಲೆ ಸೆಸ್. 10 ಲಕ್ಷದ ಗಡಿ ದಾಟಿದರೆ ತೆರಿಗೆಯ ದರ ಇಡೀ ಬೆಲೆಗೆ ಹಾರುತ್ತದೆ, ಶೇ 1 ಟಿಸಿಎಸ್ (ಮಾರುವವರು ನಿಮ್ಮಿಂದ ಮುಂಗಡವಾಗಿ ಹಿಡಿಯುವ ಆದಾಯ ತೆರಿಗೆ) ಕೂಡ ಸೇರಿಕೊಳ್ಳುತ್ತದೆ. ಗಡಿಯ ಆಚೀಚೆ ಎರಡು ವೇರಿಯಂಟುಗಳ ನಡುವೆ ಡೋಲಾಯಮಾನವಾಗಿದ್ದರೆ ಈ ಲೆಕ್ಕ ಹಾಕಿಯೇ ನಿರ್ಧರಿಸಿ. ನೋಂದಣಿ ಶುಲ್ಕ 600, ಸ್ಮಾರ್ಟ್ ಕಾರ್ಡ್ 200, ಸಾಲವಿದ್ದರೆ ಅದನ್ನು ಆರ್‌ಸಿಯಲ್ಲಿ ದಾಖಲಿಸುವ ಹೈಪಾಥಿಕೇಶನ್ 1,500. "ಆರ್‌ಟಿಒ ಖರ್ಚು" ಎಂದು ಒಂದೇ ಸಾಲಿನಲ್ಲಿ ದುಂಡು ಮೊತ್ತ ಬರೆದಿದ್ದರೆ ಬಿಡಿಸಿ ಬರೆಯಲು ಹೇಳಿ, ಆಮೇಲೆ ಸರ್ಕಾರದ ವಾಹನ್ ಪೋರ್ಟಲಿನ ರಸೀದಿ ಪಡೆದು ತಾಳೆ ನೋಡಿ.

ತೆಗೆಸಿಹಾಕಬೇಕಾದವು: ಹ್ಯಾಂಡ್ಲಿಂಗ್ ಅಥವಾ ಲಾಜಿಸ್ಟಿಕ್ಸ್ ಚಾರ್ಜು, ಎಸೆನ್ಷಿಯಲ್ ಕಿಟ್ ಎಂಬ ಬೇಡದ ಆಕ್ಸೆಸರಿ ಕಟ್ಟು, ಪೇಂಟ್ ಕೋಟಿಂಗ್. ನಂಬರ್ ಪ್ಲೇಟಿಗೆ ಪ್ರತ್ಯೇಕ ದುಡ್ಡು ಕೇಳಿದರೂ ಅಷ್ಟೇ. 2019ರ ಏಪ್ರಿಲ್ 1ರಿಂದ ತಯಾರಾದ ವಾಹನಗಳಿಗೆ ಹೈ ಸೆಕ್ಯುರಿಟಿ ಪ್ಲೇಟು ಕಾರಿನ ಜೊತೆಗೇ ಬರಬೇಕು.

ವಿಮೆಯಲ್ಲಿ ಅಡಗಿರುವ ದುಡ್ಡು

ಹೊಸ ಕಾರಿಗೆ ಮೂರು ವರ್ಷದ ಥರ್ಡ್ ಪಾರ್ಟಿ ವಿಮೆ (ನಿಮ್ಮ ಕಾರಿನಿಂದ ಬೇರೆಯವರಿಗಾದ ಹಾನಿಗೆ) ಕಡ್ಡಾಯ. ಅದರ ದರವನ್ನು ಸರ್ಕಾರವೇ ನಿಗದಿ ಮಾಡುವುದರಿಂದ ಯಾವ ವಿಮಾ ಕಂಪನಿಯಲ್ಲಿ ಕೇಳಿದರೂ ಒಂದೇ. ಚೌಕಾಸಿ ನಡೆಯುವುದು ನಿಮ್ಮ ಕಾರಿನದೇ ಹಾನಿಗೆ ಇರುವ ಓನ್ ಡ್ಯಾಮೇಜ್ ಭಾಗದಲ್ಲಿ ಮತ್ತು ಆಡ್‌ಆನ್ ಎಂಬ ಹೆಚ್ಚುವರಿ ರಕ್ಷಣೆಗಳಲ್ಲಿ. ಹೋಲಿಸುವಾಗ ಐಡಿವಿ (ಕಾರು ಕಳುವಾದರೆ ಅಥವಾ ಪೂರ್ತಿ ಹಾಳಾದರೆ ವಿಮೆ ಕೊಡುವ ಗರಿಷ್ಠ ಮೊತ್ತ) ಒಂದೇ ಇರಲಿ: ಹೊಸ ಕಾರಿಗೆ ಅದು ಎಕ್ಸ್‌ಶೋರೂಮ್ ಬೆಲೆಯ ಸುಮಾರು ಶೇ 95. ಐಡಿವಿ ಇಳಿಸಿ, ಬಿಡಿಭಾಗಗಳ ಸವಕಳಿ ಕಳೆಯದೆ ಕ್ಲೇಮು ಕೊಡುವ ಜೀರೋ ಡೆಪ್ ಆಡ್‌ಆನ್ ತೆಗೆದು ಪ್ರೀಮಿಯಂ ಕಡಿಮೆ ತೋರಿಸುವುದು ಹಳೆಯ ಚಮತ್ಕಾರ.

ಕ್ಲೇಮು ಮಾಡದೆ ಇದ್ದದ್ದಕ್ಕೆ ಪ್ರೀಮಿಯಮ್ಮಿನಲ್ಲಿ ಸಿಗುವ ನೋ ಕ್ಲೇಮ್ ಬೋನಸ್ (ಎನ್‌ಸಿಬಿ) ಕಾರಿಗೆ ಸೇರಿದ್ದಲ್ಲ, ಮಾಲೀಕರಿಗೆ ಸೇರಿದ್ದು. ಐದು ವರ್ಷ ಕ್ಲೇಮು ಮಾಡದೆ ಶೇ 50 ಗಳಿಸಿದ್ದರೆ ಅದನ್ನು ಹೊಸ ಕಾರಿನ ಓನ್ ಡ್ಯಾಮೇಜ್ ಪ್ರೀಮಿಯಮ್ಮಿಗೆ ತರಬಹುದು. ಆ ಭಾಗ 20,000 ಇದ್ದರೆ 10,000 ಉಳಿತಾಯ, ಎಷ್ಟೋ ಕಾರ್ಪೊರೇಟ್ ರಿಯಾಯಿತಿಗಳಿಗೆ ಸಮ. ಇದಕ್ಕೆ ಹಳೆಯ ವಿಮಾ ಕಂಪನಿಯಿಂದ ಎನ್‌ಸಿಬಿ ರಿಟೆನ್ಷನ್ ಪತ್ರ ಬೇಕು. ಹಳೆ ಕಾರು ಮಾರಿದ ದಾಖಲೆ ಕೊಟ್ಟ ಮೇಲೆ ಅದು ಸಿಗುತ್ತದೆ, ಮೂರು ವರ್ಷ ಚಾಲ್ತಿಯಲ್ಲಿರುತ್ತದೆ. ಹಳೆ ಕಾರು ಅಪ್ಪನ ಹೆಸರಲ್ಲಿ, ಹೊಸದು ಮಗನ ಹೆಸರಲ್ಲಿ ಇದ್ದರೆ ದಾಟುವುದಿಲ್ಲ.

ಆಟೋಮೊಬೈಲ್ ಅಸೋಸಿಯೇಷನ್ ಸದಸ್ಯತ್ವ ಇದ್ದರೆ ದೊಡ್ಡ ರಿಯಾಯಿತಿ ಎಂದು ನಂಬಿದವರಿದ್ದಾರೆ. ವಾಹನ ವಿಮೆಯ ನಿಯಮಾವಳಿಯಾದ ಮೋಟಾರ್ ಟ್ಯಾರಿಫ್ ಪ್ರಕಾರ ಅದು ಓನ್ ಡ್ಯಾಮೇಜಿನ ಶೇ 5, ಗರಿಷ್ಠ 200 ರೂಪಾಯಿ. ಇದ್ದರೆ ಕೇಳಿ, ಇಲ್ಲದಿದ್ದರೆ ಅದಕ್ಕಾಗಿ ಸದಸ್ಯರಾಗಬೇಡಿ.

"ವಿಮೆ ಹೊರಗೆ ತಂದ್ರೆ ಡಿಸ್ಕೌಂಟ್ ಇಲ್ಲ" ಎಂಬ ಮಾತು ಬಂದೇ ಬರುತ್ತದೆ. ಎರಡು ಸಾಲು ಬೇರೆ ಬರೆಸಿಕೊಂಡದ್ದು ಕೆಲಸಕ್ಕೆ ಬರುವುದು ಈಗ. ಡೀಲರ್ ತನ್ನ ಪಾಲನ್ನು ವಾಪಸ್ ಎಳೆದುಕೊಳ್ಳಬಹುದು, ನಿಮ್ಮ ಉದ್ಯೋಗಕ್ಕೆ ಕಂಪನಿ ಕೊಟ್ಟದ್ದನ್ನು ವಿಮೆಗೆ ಗಂಟು ಹಾಕಲು ಅವನಿಗೆ ಕಾರಣವಿಲ್ಲ. ಆದರೂ ಹೊರಗಿನ ಕೊಟೇಶನ್ ತೋರಿಸಿ ಅದೇ ಮೊತ್ತಕ್ಕೆ ಇಲ್ಲೇ ಮಾಡಿಕೊಡಿ ಎಂದರೆ ಬಹುತೇಕ ಮಾತು ಅಲ್ಲಿಗೆ ಮುಗಿಯುತ್ತದೆ, ಜಗಳವಿಲ್ಲದೆ.

ಹಳೆ ಕಾರು

ಎಕ್ಸ್‌ಚೇಂಜ್ ಬೋನಸ್ 20,000 ಎಂದು ಬೋರ್ಡಿನಲ್ಲಿರುತ್ತದೆ, ಹಳೆ ಕಾರಿಗೆ ಕಟ್ಟುವ ಬೆಲೆ ಮಾರುಕಟ್ಟೆಗಿಂತ 40,000 ಕೆಳಗಿರುತ್ತದೆ. ಹೊರಗೆ ಎರಡು ಕಡೆ ಬೆಲೆ ಕೇಳಿಕೊಂಡೇ ಹೋಗಿ. ಕಾರನ್ನು ಹೊರಗೆ ಮಾರಿ ಆರ್‌ಸಿ ವರ್ಗಾವಣೆಯ ದಾಖಲೆ ತೋರಿಸಿದರೂ ಬೋನಸ್ ಕೊಡುವ ಸ್ಕೀಮುಗಳಿವೆ, ಅದನ್ನು ಕೇಳದೆ ಯಾರೂ ಹೇಳುವುದಿಲ್ಲ. ಶೋರೂಮಿಗೇ ಕೊಟ್ಟರೆ ದಿನಾಂಕ, ಸಮಯ ಬರೆದ ಡೆಲಿವರಿ ನೋಟ್ ಪಡೆಯಿರಿ. ಹೆಸರು ಬದಲಾಗುವವರೆಗೆ ದಂಡದ ನೋಟಿಸು ನಿಮ್ಮ ಮನೆಗೇ ಬರುತ್ತದೆ.

ಬುಕಿಂಗ್ ಫಾರಂ

ಹೆಚ್ಚಿನ ಫಾರಮ್ಮುಗಳಲ್ಲಿ ಸಣ್ಣ ಅಕ್ಷರದಲ್ಲಿ "ಡೆಲಿವರಿ ದಿನದ ಬೆಲೆ ಅನ್ವಯ" ಎಂದಿರುತ್ತದೆ. ಆಫರುಗಳೂ ಬುಕಿಂಗಿನ ದಿನಕ್ಕಲ್ಲ, ಬಿಲ್ಲಿನ ದಿನಕ್ಕೆ ಲೆಕ್ಕ. 28ಕ್ಕೆ ಬುಕ್ ಮಾಡಿದ ಕಾರು 2ನೇ ತಾರೀಖಿಗೆ ಬಿಲ್ಲಾದರೆ ಕಾರ್ಪೊರೇಟ್ ಮೊತ್ತವೇ ಬದಲಾಗಿರಬಹುದು. ಡೀಲರನ ಕಡೆಯಿಂದ ತಡವಾದರೆ ಇದೇ ರಿಯಾಯಿತಿ, ಇಲ್ಲವಾದರೆ ಬುಕಿಂಗ್ ಹಣ ಪೂರ್ತಿ ವಾಪಸ್ ಎಂದು ಫಾರಮ್ಮಿನ ಮೇಲೆ ಬರೆಸಿ ಸಹಿ ಸೀಲು ಹಾಕಿಸಿ. ಕಾರಿನ ತಯಾರಿಕೆಯ ತಿಂಗಳು, ವರ್ಷ, ಬೇಡ ಎಂದ ಆಕ್ಸೆಸರಿಗಳು, ಹೊರಗಿನ ವಿಮೆಗೆ ಚಾಸಿಸ್ ಮತ್ತು ಎಂಜಿನ್ ನಂಬರ್ ಕೊಡುವ ದಿನ ಎಲ್ಲವೂ ಅಲ್ಲೇ ಇರಲಿ. ಹಣ ಡೀಲರ್ ಸಂಸ್ಥೆಯ ಖಾತೆಗೆ ಮಾತ್ರ, ಸೇಲ್ಸ್‌ನವರ ಯುಪಿಐಗೆ ಬೇಡ. ನಗದಾಗಿ 2 ಲಕ್ಷ ಅಥವಾ ಅದಕ್ಕಿಂತ ಹೆಚ್ಚು ತೆಗೆದುಕೊಳ್ಳುವುದಕ್ಕೆ ಆದಾಯ ತೆರಿಗೆ ಕಾನೂನಿನಲ್ಲೇ ಅವಕಾಶವಿಲ್ಲ.

ಸೈನಿಕರು, ನಿವೃತ್ತ ಸೈನಿಕರಿಗೆ ದಾರಿ ಬೇರೆ. ಸೇನೆಯವರಿಗಾಗಿ ಇರುವ ಸಿಎಸ್‌ಡಿ ಕ್ಯಾಂಟೀನ್ ಮೂಲಕ ಕೊಂಡರೆ ಜಿಎಸ್‌ಟಿಯಲ್ಲಿ ಅರ್ಧ ವಿನಾಯಿತಿ ಇರುವ ಬೆಲೆ. ಹಣ ಕಟ್ಟುವುದು ಸಿಎಸ್‌ಡಿಗೆ, ಡೀಲರ್ ಗಾಡಿ ಒಪ್ಪಿಸುವುದು ಅಲ್ಲಿಂದ ಬಂದ ಆರ್ಡರಿನ ಮೇಲೆ. ಅಲ್ಲಿ ಕಾರಿನ ಬೆಲೆಯ ಚೌಕಾಸಿ ಇಲ್ಲ, ಜೊತೆಗೆ ಸಾಮಾನ್ಯ ಗಿರಾಕಿಯ ಆಫರುಗಳು ಆ ಬೆಲೆಯ ಮೇಲೆ ಸಿಗದೇ ಇರಬಹುದು. ಸ್ಟಾಕ್ ಖಾಲಿ ಮಾಡುವ ತಿಂಗಳಲ್ಲಿ ಎರಡೂ ಬೆಲೆ ಪಕ್ಕಪಕ್ಕ ಇಟ್ಟು ನೋಡಿ.

ಡೆಲಿವರಿಯ ದಿನ ಇನ್‌ವಾಯ್ಸನ್ನು ಬುಕಿಂಗ್ ಫಾರಮ್ಮಿನ ಜೊತೆ ಸಾಲು ಸಾಲಾಗಿ ಹೋಲಿಸಿ, ಫಾರಂ 21ರಲ್ಲಿ (ಡೀಲರ್ ಕೊಡುವ ಮಾರಾಟ ಪ್ರಮಾಣಪತ್ರ) ತಯಾರಿಕೆಯ ತಿಂಗಳು ವರ್ಷ ಓದಿ, ಚಾಸಿಸ್ ನಂಬರನ್ನು ಗಾಡಿಯ ಮೇಲೆಯೇ ನೋಡಿ. ಟಿಸಿಎಸ್ ಕಟ್ಟಿದ್ದರೆ ನಿಮ್ಮ ಪ್ಯಾನ್ ಸರಿಯಾಗಿ ಬರೆದಿದ್ದಾರೆಯೇ ಎಂದು ಖಚಿತಪಡಿಸಿಕೊಳ್ಳಿ. ಕೆಲವು ತಿಂಗಳ ನಂತರ ಆ ಮೊತ್ತ ಆದಾಯ ತೆರಿಗೆ ಇಲಾಖೆಯ ನಿಮ್ಮ ತೆರಿಗೆ ವಿವರದಲ್ಲಿ (26ಎಎಸ್) ಕಾಣಿಸುತ್ತದೆ, ರಿಟರ್ನ್ ಸಲ್ಲಿಸುವಾಗ ತೆರಿಗೆಗೆ ವಜಾ ಆಗುತ್ತದೆ ಅಥವಾ ವಾಪಸ್ ಬರುತ್ತದೆ.