ಹೆರಿಗೆ ಕೋಣೆಯ ಅಳತೆ: ಬಹುದೇಶೀಯ ಅಧ್ಯಯನವೊಂದರಲ್ಲಿ ನನ್ನ ಅನುಭವ

ಹೆರಿಗೆಯ ನಂತರದ ಅತಿ ರಕ್ತಸ್ರಾವದ ಕುರಿತು ಹಲವು ದೇಶಗಳು ಕೂಡಿ ನಡೆಸಿದ ಅಧ್ಯಯನವೊಂದರಲ್ಲಿ, ಉತ್ತರ ಕರ್ನಾಟಕದ ಒಂದು ಕೇಂದ್ರದ ಹೊಣೆ ಹೊತ್ತು ನಾನು ನಾಲ್ಕು ವರ್ಷ ದುಡಿದಿದ್ದೇನೆ. ಪ್ರಸೂತಿ ತಜ್ಞೆಯಾದ ನನಗೆ ಹೆರಿಗೆ ಕೋಣೆ ಹೊಸದಲ್ಲ. ನಾವು ಬರೆದಿಟ್ಟ ಅಂಕಿಯನ್ನು ಕೀನ್ಯಾದ ಆಸ್ಪತ್ರೆಯ ಅಂಕಿಯ ಪಕ್ಕದಲ್ಲಿಟ್ಟು ಓದುವಂತಿರಬೇಕು ಎಂಬ ಶಿಸ್ತು ಮಾತ್ರ ಹೊಸದಾಗಿತ್ತು.

ಈ ಶಿಸ್ತಿನ ಒಂದು ಬೇರು ನಮ್ಮ ಬೆಳಗಾವಿಯಲ್ಲೇ ಇದೆ. ಅಲ್ಲಿನ ಜವಾಹರಲಾಲ್ ನೆಹರೂ ವೈದ್ಯಕೀಯ ಕಾಲೇಜಿನವರು ಅಮೆರಿಕದ ಸಂಶೋಧಕರೊಡನೆ ಸೇರಿ, ಜಿಲ್ಲೆಯ ಹಳ್ಳಿಗಳ 1,620 ಮಹಿಳೆಯರಲ್ಲಿ ಗರ್ಭಕೋಶವನ್ನು ಸಂಕುಚಿಸಿ ರಕ್ತಸ್ರಾವ ತಡೆಯುವ ಮಿಸೊಪ್ರೊಸ್ಟಾಲ್ ಮಾತ್ರೆಯನ್ನು ಪರೀಕ್ಷಿಸಿದರು; ಮಾತ್ರೆ ಕೊಟ್ಟವರು ಹಳ್ಳಿಯ ಆರೋಗ್ಯ ಸಹಾಯಕಿಯರಾದ ಎಎನ್‌ಎಂಗಳು. 2006ರಲ್ಲಿ ಲ್ಯಾನ್ಸೆಟ್ ಪತ್ರಿಕೆಯಲ್ಲಿ ಬಂದ ಫಲಿತಾಂಶದ ಪ್ರಕಾರ, ಔಷಧವಿಲ್ಲದ ಮಾತ್ರೆ ಪಡೆದವರಲ್ಲಿ ಶೇ 12ರಷ್ಟಿದ್ದ ರಕ್ತಸ್ರಾವದ ತೊಂದರೆ, ಔಷಧ ಪಡೆದವರಲ್ಲಿ ಶೇ 6.4 ಇತ್ತು. 2011ರಲ್ಲಿ ವಿಶ್ವ ಆರೋಗ್ಯ ಸಂಸ್ಥೆ ಈ ಬಳಕೆಗಾಗಿ ಮಿಸೊಪ್ರೊಸ್ಟಾಲನ್ನು ಅಗತ್ಯ ಔಷಧಗಳ ಪಟ್ಟಿಗೆ ಸೇರಿಸಿತು. ಆ ಅಧ್ಯಯನಕ್ಕೆಂದೇ ರೂಪಿಸಿದ ಸಾಧನವೊಂದು ನನ್ನ ಮಟ್ಟಿಗೆ ಮಾತ್ರೆಯಷ್ಟೇ ಮುಖ್ಯ: ಬಾಣಂತಿಯ ಕೆಳಗೆ ಹಾಸುವ ಪ್ಲಾಸ್ಟಿಕ್ ಹಾಳೆ, ಅದರ ತುದಿಯಲ್ಲಿ ಮಿಲಿಲೀಟರ್ ಗೆರೆಗಳುಳ್ಳ ಚೀಲ.

ಅದರ ಬೆಲೆ ನನಗೆ ತಿಳಿದದ್ದು ಮೊದಲ ತಿಂಗಳಲ್ಲಿ. ಇಪ್ಪತ್ತು ವರ್ಷ ಹೆರಿಗೆ ಮಾಡಿಸಿದ ನಮ್ಮ ಹಿರಿಯ ಸಿಸ್ಟರ್ ಒಬ್ಬರು ಒದ್ದೆಯಾದ ಬಟ್ಟೆಗಳನ್ನು ನೋಡಿ, "ಇನ್ನೂರೈವತ್ತು ಇರಬಹುದು ಮೇಡಂ" ಎಂದರು. ಚೀಲವನ್ನು ಎತ್ತಿ ಹಿಡಿದಾಗ ರಕ್ತ ಆರುನೂರರ ಗೆರೆ ದಾಟಿತ್ತು. ಅವರು ಮಾತನಾಡದೆ ಮತ್ತೊಮ್ಮೆ ಗೆರೆ ನೋಡಿ, ಬಾಣಂತಿಯ ನಾಡಿ ಹಿಡಿದರು. ಕಣ್ಣಂದಾಜು ಸಾಮಾನ್ಯವಾಗಿ ನಿಜಕ್ಕಿಂತ ಕಡಿಮೆಯೇ ಇರುತ್ತದೆ. ಊರೂರಿನ ಕಣ್ಣಂದಾಜುಗಳನ್ನು ಕೂಡಿಸಿದರೆ ವಿಜ್ಞಾನವಾಗುವುದಿಲ್ಲ.

ಒಪ್ಪಿಗೆ ಪತ್ರದ ಕನ್ನಡಕ್ಕೆ ನಾವು ಆರು ವಾರ ಕೊಟ್ಟೆವು. ‘ಯಾದೃಚ್ಛಿಕ ಹಂಚಿಕೆ’ ಎಂದು ಬರೆದರೆ ಓದು ಬಲ್ಲ ಹೆಣ್ಣುಮಕ್ಕಳಿಗೂ ಅರ್ಥವಾಗಲಿಲ್ಲ, ‘ಚೀಟಿ ಎತ್ತಿದ ಹಾಗೆ’ ಎಂದಾಗ ಎಲ್ಲರೂ ತಲೆಯಾಡಿಸಿದರು. ಆದರೆ ಅದನ್ನು ಮರಳಿ ಇಂಗ್ಲಿಷಿಗೆ ತಂದವರು ಲಾಟರಿ ಎಂದು ಬರೆದಿದ್ದರಿಂದ, ಬಹುಮಾನದ ಆಸೆ ಹುಟ್ಟಿಸುತ್ತದೆಂದು ಇಡೀ ಅಧ್ಯಯನವನ್ನು ನಡೆಸುತ್ತಿದ್ದ ಮುಖ್ಯ ತಂಡ ಆಕ್ಷೇಪಿಸಿತು. ಚೀಟಿಯನ್ನು ಬಿಟ್ಟುಕೊಡದೆ, "ಯಾವ ಔಷಧ ಬರುತ್ತದೆ ಎಂಬುದು ವೈದ್ಯರ ಕೈಯಲ್ಲೂ ಇಲ್ಲ" ಎಂಬ ಸಾಲನ್ನು ಸೇರಿಸಿದೆವು. ನೈಜೀರಿಯಾದ ಗೆಳತಿಯೊಬ್ಬರು ತಮ್ಮ ಭಾಷೆಯಲ್ಲೂ ಇದೇ ತೊಡಕಿದೆಯೆಂದು ನಮ್ಮ ಸಾಲನ್ನು ಎರವಲು ಪಡೆದರು.

ಇಷ್ಟೆಲ್ಲ ಏಕೆ ಬೇಕು ಎಂದು ಕಿರಿಯ ವೈದ್ಯರು ಕೇಳಿದಾಗ ನಾನು ವುಮನ್ ಅಧ್ಯಯನವನ್ನು ತೋರಿಸುತ್ತೇನೆ. 21 ದೇಶಗಳ 20,060 ಮಹಿಳೆಯರು ಸೇರಿದ್ದರಿಂದಲೇ, ಹೆಪ್ಪುಗಟ್ಟಿದ ರಕ್ತ ಕರಗದಂತೆ ತಡೆಯುವ ಟ್ರಾನೆಕ್ಸಾಮಿಕ್ ಆಮ್ಲವೆಂಬ ಔಷಧದಿಂದ ರಕ್ತಸ್ರಾವದ ಸಾವು ಶೇ 1.9ರಿಂದ ಶೇ 1.5ಕ್ಕೆ ಇಳಿಯುತ್ತದೆಂಬುದು 2017ರಲ್ಲಿ ಸ್ಪಷ್ಟವಾಯಿತು. ಸಾವಿರಕ್ಕೆ ನಾಲ್ಕು ತಾಯಂದಿರ ಈ ವ್ಯತ್ಯಾಸ ಒಂದೇ ಆಸ್ಪತ್ರೆಯ ದಾಖಲೆಯಲ್ಲಿ ಕಾಣಿಸುವಂಥದ್ದಲ್ಲ.

ನನಗೆ ನೋವಾದದ್ದು ಪ್ರಬಂಧದ ಕರಡು ಬಂದಾಗ. ವಿಶ್ಲೇಷಣೆ ಮಾಡಿದವರ ಹೆಸರುಗಳೆಲ್ಲ ಇದ್ದವು, ರಾತ್ರಿ ಪಾಳಿಯಲ್ಲಿ ಚೀಲ ಹಿಡಿದು ಗೆರೆ ಓದಿದ ಒಬ್ಬ ಸಿಸ್ಟರ್ ಹೆಸರೂ ಇರಲಿಲ್ಲ. ಉಳಿದ ಕೇಂದ್ರಗಳವರೂ ನನ್ನೊಡನೆ ಪತ್ರ ಬರೆದ ಮೇಲೆ ಸಹಭಾಗಿಗಳ ಪಟ್ಟಿ ಸೇರಿತು. ಕರ್ತೃತ್ವದ ನಿಯಮವನ್ನು ಮೊದಲ ಸಭೆಯಲ್ಲೇ ಬರೆಸಿಕೊಳ್ಳದಿದ್ದದ್ದು ನನ್ನ ತಪ್ಪು. ಈಗ ಯಾವುದೇ ಒಪ್ಪಂದಕ್ಕೆ ಸಹಿ ಹಾಕುವ ಮುನ್ನ ಅದನ್ನೇ ಕೇಳುತ್ತೇನೆ.

ಗೆರೆಗಳುಳ್ಳ ಅಂಥ ಚೀಲವನ್ನೇ ಬಳಸಿ, ರಕ್ತಸ್ರಾವವನ್ನು ಬೇಗ ಗುರುತಿಸಿ ಎಲ್ಲ ಚಿಕಿತ್ಸೆಯನ್ನೂ ಒಟ್ಟಿಗೆ ಕೊಡುವ ಕ್ರಮವನ್ನು ಕೀನ್ಯಾ, ನೈಜೀರಿಯಾ, ದಕ್ಷಿಣ ಆಫ್ರಿಕಾ, ಟಾಂಜಾನಿಯಾಗಳ 80 ಆಸ್ಪತ್ರೆಗಳಲ್ಲಿ ಪರೀಕ್ಷಿಸಿದ ಇ-ಮೋಟಿವ್ ಅಧ್ಯಯನ 2023ರಲ್ಲಿ ಪ್ರಕಟವಾಯಿತು. ತೀವ್ರ ರಕ್ತಸ್ರಾವ, ಅದಕ್ಕಾಗಿ ಹೊಟ್ಟೆ ತೆರೆಯುವ ಶಸ್ತ್ರಚಿಕಿತ್ಸೆ, ಅದರಿಂದಾದ ಸಾವು ಇವುಗಳ ಒಟ್ಟು ಪ್ರಮಾಣ ಹಳೆಯ ಕ್ರಮದಲ್ಲಿ ಶೇ 4.3, ಹೊಸದರಲ್ಲಿ ಶೇ 1.6. ಆ ಪ್ರಬಂಧವನ್ನು ನಮ್ಮ ಹೆರಿಗೆ ಕೋಣೆಯಲ್ಲೇ ಎಲ್ಲರಿಗೂ ಕನ್ನಡದಲ್ಲಿ ಓದಿ ಹೇಳಿದೆ. ಮರುದಿನ ಆ ಹಿರಿಯ ಸಿಸ್ಟರ್, ಮುನ್ನೂರರ ಗೆರೆ ಬಂದಾಗಲೇ ತಮ್ಮನ್ನು ಕರೆಯಬೇಕೆಂದು ಹೊಸ ಹುಡುಗಿಯರಿಗೆ ಚೀಲ ಹಿಡಿದು ತೋರಿಸುತ್ತಿದ್ದರು.